ಹೊಸ್ತಿಲ ಹೊರಗಿನ ಹಾಡು

ಡಿಸೆಂಬರ್ ತಿಂಗಳ ಕೊನೆಯ ವಾರಗಳಲ್ಲಿ ಇಂಗ್ಲೆಂಡಿನ ಊರುಗಳಿಗೆ ಕತ್ತಲೆ ಬಹು ಬೇಗ ಇಳಿಯುತ್ತದೆ. ಲಂಡನ್ ನಗರದಲ್ಲಿ ನಾಲ್ಕು ಗಂಟೆ ಹೊಡೆಯುವುದರೊಳಗೆ ಸೂರ್ಯ ಮುಳುಗಿರುತ್ತಾನೆ. ಅದೇ ದಿನಗಳಲ್ಲಿ ಬೆಂಗಳೂರಿನ ಸೂರ್ಯಾಸ್ತ ಸುಮಾರು ಆರು ಗಂಟೆಗೆ. ಅಂದರೆ ಇಲ್ಲಿನ ಮಕ್ಕಳು ಆಟದಲ್ಲಿ ಕಳೆಯುವ ಎರಡು ಗಂಟೆಗಳ ಬೆಳಕು ಅಲ್ಲಿನ ಮಕ್ಕಳ ಪಾಲಿಗಿಲ್ಲ. ಬೀದಿದೀಪಗಳು ಬೆಳಗಿ, ಮಂಜು ಮುಸುಕಿ, ಜನರೆಲ್ಲ ಒಲೆಯ ಬಳಿ ಸೇರುವ ಆ ಹೊತ್ತಿನಲ್ಲಿಯೇ ಮಕ್ಕಳ ತಂಡಗಳು ಮನೆಮನೆಯ ಬಾಗಿಲಿಗೆ ಬಂದು ಹಾಡುತ್ತವೆ. ಯೇಸುಕ್ರಿಸ್ತನ ಜನನವನ್ನು ಕೊಂಡಾಡುವ ಈ ಹಾಡುಗಳಿಗೆ ಕ್ಯಾರಲ್ ಎಂದು ಹೆಸರು.

ಈ ವಾಡಿಕೆ ಬಹಳ ಹಳೆಯದು. ಚಳಿಗಾಲದಲ್ಲಿ ಹಾಡುತ್ತಾ ನೆರೆಯವರ ಮನೆಗೆ ಹೋಗಿ, ಅವರಿಗೆ ಶುಭವನ್ನು ಕೋರಿ, ಪ್ರತಿಯಾಗಿ ಪಾನೀಯವನ್ನೋ ತಿಂಡಿಯನ್ನೋ ಪಡೆಯುವ ಪದ್ಧತಿಗೆ ವಾಸೆಲ್ ಎನ್ನುತ್ತಿದ್ದರು. ‘ಆರೋಗ್ಯದಿಂದಿರು’ ಎಂಬುದೇ ಆ ಪದದ ಮೂಲ ಅರ್ಥ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್‌ಮಸ್ ಹಬ್ಬವನ್ನೇ ನಿಷೇಧಿಸಿತು. ಆದರೂ ಹಾಡು ಜನರ ಬಾಯಿಂದ ಮರೆಯಾಗಲಿಲ್ಲ. 1660ರಲ್ಲಿ ರಾಜತ್ವವು ಮರಳಿದಾಗ ಹಬ್ಬವೂ ಮರಳಿತು.

ಹಿಂದಿನ ಕಾಲದಲ್ಲಿ ಹೀಗೆ ಹಾಡಲು ಹೊರಟ ಮಕ್ಕಳ ಕ್ಷೇಮವನ್ನು ನೋಡಿಕೊಳ್ಳುತ್ತಿದ್ದವರಾರು? ಇದಕ್ಕೆ ಉತ್ತರವನ್ನು ಎರಡು ಇಂಗ್ಲಿಷ್ ಕಥೆಗಳಲ್ಲಿ ಕಾಣಬಹುದು. ಥಾಮಸ್ ಹಾರ್ಡಿಯು 1872ರಲ್ಲಿ ಪ್ರಕಟಿಸಿದ ‘ಅಂಡರ್ ದಿ ಗ್ರೀನ್‌ವುಡ್ ಟ್ರೀ’ ಎಂಬ ಕಾದಂಬರಿಯಲ್ಲಿ ಹಳ್ಳಿಯೊಂದರ ಚರ್ಚಿನ ಗಾಯಕವೃಂದ ಬರುತ್ತದೆ. ಮುದುಕರು, ನಡುವಯಸ್ಸಿನವರು, ಹುಡುಗರು ಎಲ್ಲರೂ ಕೂಡಿ ಪಿಟೀಲು ಮೊದಲಾದ ವಾದ್ಯಗಳನ್ನು ಹಿಡಿದು, ಲಾಂದ್ರಗಳನ್ನು ಹೊತ್ತಿಸಿಕೊಂಡು ನಡುರಾತ್ರಿಯ ಸುಮಾರಿಗೆ ಹೊರಡುತ್ತಾರೆ. ಮನೆಗಳ ಅಂಗಳವನ್ನು ಹೊಗುವಾಗ ಸದ್ದು ಮಾಡದೆ ಹೆಜ್ಜೆಯಿಡಬೇಕೆಂದು ಹಿರಿಯರ ಕಟ್ಟಪ್ಪಣೆ. ಒಂದು ಮನೆಯ ರೈತನು ತಲೆನೋವಿನಿಂದ ಸಿಡಿಮಿಡಿಗೊಂಡು, ಹಾಡು ನಿಲ್ಲಿಸಿರೆಂದು ಒಳಗಿನಿಂದಲೇ ಗದರುತ್ತಾನೆ. ಆಗ ಆ ವೃಂದದವರು ಮಾಡುವುದೇನು? ಇನ್ನಷ್ಟು ಗಟ್ಟಿಯಾಗಿ ಬಾರಿಸಿ ಹಾಡುತ್ತಾರೆ!

ಇನ್ನೊಂದು, ಚಾರ್ಲ್ಸ್ ಡಿಕನ್ಸನು 1843ರಲ್ಲಿ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಕಥೆ. ಅದರಲ್ಲಿ ಸ್ಕ್ರೂಜ್ ಎಂಬ ಜಿಪುಣ ವರ್ತಕನ ಕಚೇರಿಯ ಬಾಗಿಲಿಗೆ ಚಳಿಯಲ್ಲಿ ನಡುಗುತ್ತಾ ಬಡ ಹುಡುಗನೊಬ್ಬ ಬರುತ್ತಾನೆ. ಅವನು ಬಂದಿರುವುದು ಒಬ್ಬನೇ. ಬೀಗದ ರಂಧ್ರಕ್ಕೆ ಬಾಯಿಟ್ಟು ಅವನು ಹಾಡತೊಡಗುವಷ್ಟರಲ್ಲಿ ಸ್ಕ್ರೂಜನು ಮೇಜಿನ ಮೇಲಿದ್ದ ರೂಲುದೊಣ್ಣೆಯನ್ನು ಕೈಗೆತ್ತಿಕೊಳ್ಳುತ್ತಾನೆ. ಹುಡುಗನು ಹೆದರಿ ಮಂಜಿನಲ್ಲಿ ಓಡಿಹೋಗುತ್ತಾನೆ. ಆ ಹುಡುಗನಿಗೆ ಏನಾದರೂ ಕೊಡಬೇಕಿತ್ತೆಂದು ಸ್ಕ್ರೂಜನು ಮುಂದೆ ಮರುಗುವುದುಂಟು. ಆದರೆ ಅಷ್ಟು ಹೊತ್ತಿಗೆ ಬಾಗಿಲಲ್ಲಿ ಯಾರೂ ಇರಲಿಲ್ಲ.

ಎರಡು ಬಾಗಿಲುಗಳಲ್ಲಿಯೂ ಸಿಕ್ಕಿದ್ದು ಗದರಿಕೆಯೇ. ಜೊತೆಗೂಡಿ ಬಂದವರಿಗೆ ಅದು ವಿನೋದವಾಯಿತು, ಒಂಟಿಯಾಗಿ ಬಂದವನಿಗೆ ಭಯವಾಯಿತು. ಹಳ್ಳಿಯಲ್ಲಿ ಹಾಡುವವರು ಯಾರ ಮಕ್ಕಳೆಂಬುದು ಪ್ರತಿ ಮನೆಗೂ ತಿಳಿದಿತ್ತು. ಯಾವ ಮನೆಯಲ್ಲಿ ಯಾರಿದ್ದಾರೆಂಬುದು ಹಾಡುವವರಿಗೂ ತಿಳಿದಿತ್ತು. ಹಿರಿಯರು ಬೆನ್ನ ಹಿಂದಿರುತ್ತಿದ್ದರು. ಈ ಪರಿಚಯವೇ ಮಕ್ಕಳಿಗೆ ಬೇಲಿಯಾಗಿತ್ತು. ನಗರಗಳು ಬೆಳೆದು, ಒಂದೇ ಬೀದಿಯ ಜನರು ಒಬ್ಬರನ್ನೊಬ್ಬರು ಅರಿಯದಂತಾದಾಗ ಬೇಲಿ ಕಳಚಿತು, ವಾಡಿಕೆ ಮಾತ್ರ ಉಳಿಯಿತು. ಇಬ್ಬರು ಮೂವರು ಮಕ್ಕಳು ತಾವಾಗಿಯೇ ಹೊರಟು, ಗುರುತಿಲ್ಲದ ಮನೆಗಳ ಗಂಟೆಯನ್ನು ಬಾರಿಸಿ, ಹಾಡಿ, ಕಾಸು ಕೇಳುವುದು ಸಾಮಾನ್ಯವಾಯಿತು. ಹಿಂದೆ ಪರಿಚಯವು ಮಾಡುತ್ತಿದ್ದ ಕೆಲಸವನ್ನು ಮುಂದೆ ನಿಯಮಗಳು ಮಾಡಬೇಕಾಗಿ ಬಂತು.

ನಿಯಮಗಳಲ್ಲಿ ಕೆಲವು ಕಾನೂನಿನವು. ಧರ್ಮಕಾರ್ಯಕ್ಕಾಗಿ ಮನೆಮನೆಗೆ ತೆರಳಿ ಹಣ ಕೂಡಿಸುವುದನ್ನು ಕುರಿತು ಬ್ರಿಟನ್ನಿನಲ್ಲಿ 1939ರಲ್ಲಿ ಒಂದು ಶಾಸನವಾಯಿತು. ಅದರ ಅಡಿಯಲ್ಲಿ 1947ರಲ್ಲಿ ಮಾಡಿದ ನಿಯಮಗಳ ಪ್ರಕಾರ ಇಂಥ ಹಣವನ್ನು ಕೂಡಿಸುವವರಿಗೆ ಹದಿನಾರು ವರ್ಷ ತುಂಬಿರಬೇಕು. ಆದಕಾರಣ ಹಾಡು ಮಕ್ಕಳದಾದರೂ ಹಣದ ಡಬ್ಬಿ ದೊಡ್ಡವರ ಕೈಯಲ್ಲಿರುತ್ತದೆ. ಇದು ಲೆಕ್ಕಪತ್ರದ ಶುದ್ಧಿಗಾಗಿ ಮಾತ್ರ ಒಳ್ಳೆಯದಲ್ಲ. ಕತ್ತಲೆಯ ಬೀದಿಯಲ್ಲಿ ಝಣಝಣಿಸುವ ಡಬ್ಬಿಯನ್ನು ಹಿಡಿದು ನಡೆಯುವ ಮಗುವು ಕಳ್ಳರ ಕಣ್ಣಿಗೆ ಸುಲಭವಾಗಿ ಬೀಳುತ್ತದೆ. ಕೈಯಲ್ಲಿ ಹಣವಿಲ್ಲದ ಮಗುವಿಗೆ ಆ ಆತಂಕವಿಲ್ಲ.

ಕಾನೂನಿಗಿಂತ ಹೆಚ್ಚಾಗಿ ಕಾಪಾಡುವುದು ಮನೆಯಲ್ಲಿ ಹೇಳಿಕೊಟ್ಟ ಒಂದು ಕಟ್ಟಳೆ: ಹಾಡುವುದೆಲ್ಲ ಹೊಸ್ತಿಲ ಹೊರಗೆ. ಬಾಗಿಲು ತೆರೆದವರು ಎಷ್ಟೇ ಅಕ್ಕರೆಯಿಂದ ಕರೆದರೂ, ಒಳಗೆ ಬೆಂಕಿ ಬೆಚ್ಚಗೆ ಉರಿಯುತ್ತಿದ್ದರೂ, ಜೊತೆಗೆ ಬಂದ ಹಿರಿಯರು ಒಪ್ಪದೆ ಮಕ್ಕಳು ಒಳಗೆ ಕಾಲಿಡಬಾರದು. ಇದನ್ನು ಪಾಲಿಸುವುದು ಸುಲಭವಲ್ಲ. ಹಬ್ಬದ ದಿನ ಆದರದಿಂದ ಕರೆದವರಿಗೆ ಒಲ್ಲೆನೆನ್ನುವುದು ಅವಿನಯವೆಂದು ಮಕ್ಕಳು ಅಳುಕುತ್ತಾರೆ. ಅದಕ್ಕಾಗಿಯೇ ತಂಡದ ಮುಂದಾಳು ‘ಇನ್ನೂ ಹಲವು ಮನೆಗಳಿಗೆ ಹೋಗಬೇಕಾಗಿದೆ, ವಂದನೆಗಳು’ ಎಂಬ ಮಾತನ್ನು ಮೊದಲೇ ಕಲಿಸಿಟ್ಟರೆ ಉಪಯೋಗವಾಗುತ್ತದೆ. ಬಾಯಿಪಾಠವಾದ ಮಾತು ಅಳುಕಿನ ಗಳಿಗೆಯಲ್ಲಿ ತಾನಾಗಿಯೇ ಹೊರಡುತ್ತದೆ.

ಬ್ರಿಟಿಷ್ ಸರ್ಕಾರವು 1973ರಲ್ಲಿ ಮಕ್ಕಳಿಗಾಗಿ ಕೆಲವು ಕಿರುಚಿತ್ರಗಳನ್ನು ಹೊರತಂದಿತು. ಚಾರ್ಲಿ ಎಂಬ ಬೆಕ್ಕೊಂದು ಅವುಗಳಲ್ಲಿ ಮಕ್ಕಳಿಗೆ ಎಚ್ಚರ ಹೇಳುತ್ತದೆ. ಅಪರಿಚಿತರ ಜೊತೆ ಹೋಗಬಾರದು, ಎಲ್ಲಿಗೆ ಹೋಗುವುದಾದರೂ ಮನೆಯಲ್ಲಿ ತಿಳಿಸಬೇಕು ಎಂಬುದು ಅದರ ಬುದ್ಧಿವಾದ. ಒಳ್ಳೆಯ ಮಾತೇ, ಆದರೆ ಅದರಲ್ಲಿ ಅರ್ಧ ಮಾತ್ರ ಸಾಲದು. ಮಕ್ಕಳಿಗೆ ಕೇಡು ಮಾಡಿದವರು ಅನೇಕ ವೇಳೆ ಅವರಿಗೆ ಮೊದಲೇ ಪರಿಚಿತರಾಗಿದ್ದವರು ಎಂಬ ಸಂಗತಿ ಈಗ ಚೆನ್ನಾಗಿ ತಿಳಿದುಬಂದಿದೆ. ಹೀಗಿರುವುದರಿಂದ ಹೊಸ್ತಿಲಿನ ಕಟ್ಟಳೆ ಗುರುತಿಲ್ಲದ ಮನೆಗೆ ಒಂದು, ಗುರುತಿನ ಮನೆಗೆ ಇನ್ನೊಂದು ಆಗಲಾರದು. ಯಾರದಾದರೂ ಮಾತು ಅಥವಾ ವರ್ತನೆ ಮಗುವಿನ ಮನಸ್ಸಿಗೆ ಒಗ್ಗದಿದ್ದರೆ ಅಲ್ಲಿಂದ ಕೂಡಲೇ ಹೊರಟುಬಿಡಬೇಕು, ನಂಬಿಕೆಯ ಹಿರಿಯರಿಗೆ ಹೇಳಬೇಕು. ಯಾರಿಗೂ ಹೇಳಬೇಡವೆಂದು ಯಾರಾದರೂ ಒತ್ತಾಯಿಸಿದರಂತೂ ಅವಶ್ಯವಾಗಿ ಹೇಳಬೇಕು. ತಪ್ಪು ಹೇಳುವವರದಲ್ಲ.

ಬಾಗಿಲಿಗಿಂತಲೂ ಹೆಚ್ಚಿನ ಅಪಾಯ ಬಾಗಿಲಿನಿಂದ ಬಾಗಿಲಿಗೆ ನಡೆಯುವ ದಾರಿಯಲ್ಲಿರಬಹುದು. ಚಳಿಗಾಲದ ಉಡುಪು ಸಾಮಾನ್ಯವಾಗಿ ಕಪ್ಪು ಅಥವಾ ಗಾಢವಾದ ಬಣ್ಣದ್ದು. ಕತ್ತಲೆಯಲ್ಲಿ ಅಂಥ ಉಡುಪಿನ ಮಗುವು ವಾಹನದ ಚಾಲಕನಿಗೆ ಕಾಣುವುದು ತೀರ ಹತ್ತಿರ ಬಂದ ಮೇಲೆ. ಗಂಟೆಗೆ ಮೂವತ್ತು ಮೈಲಿ, ಎಂದರೆ ಸುಮಾರು 48 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ನಿಲ್ಲಬೇಕಾದರೆ 23 ಮೀಟರ್ ದೂರ ಬೇಕೆಂದು ಬ್ರಿಟನ್ನಿನ ಹೆದ್ದಾರಿ ಸಂಹಿತೆ ಹೇಳುತ್ತದೆ. ಚಾಲಕನು ಅಪಾಯವನ್ನು ಕಂಡು ಬ್ರೇಕನ್ನು ಒತ್ತುವಷ್ಟರಲ್ಲಿ ಒಂಬತ್ತು ಮೀಟರ್ ಕಳೆದಿರುತ್ತದೆ. ಉಳಿದ ಹದಿನಾಲ್ಕು ಮೀಟರ್ ಚಕ್ರಗಳು ನಿಲ್ಲಲು ಬೇಕಾಗುತ್ತವೆ. ಇದು ಒಣ ರಸ್ತೆಯ ಲೆಕ್ಕ. ಒದ್ದೆ ರಸ್ತೆಯಲ್ಲಿ ಆ ಹದಿನಾಲ್ಕು ಮೀಟರ್ ಇಮ್ಮಡಿಯಾಗಬಹುದು. ಹಿಮಗಟ್ಟಿದ ರಸ್ತೆಯಲ್ಲಿ ಹತ್ತು ಪಟ್ಟಾಗಬಹುದು.

ಇದಕ್ಕೆ ಉಪಾಯ ಬಹು ಅಗ್ಗದ್ದು. ಬೆಳಕನ್ನು ಹಿಂದಿರುಗಿಸುವ ಒಂದು ಬಗೆಯ ಪಟ್ಟಿಯನ್ನು ಕೋಟಿನ ತೋಳಿಗೂ ಬೆನ್ನಿಗೂ ಅಂಟಿಸಿದರಾಯಿತು. ಸಾಮಾನ್ಯ ವಸ್ತುವಿನ ಮೇಲೆ ಬಿದ್ದ ಬೆಳಕು ನಾನಾ ದಿಕ್ಕಿಗೆ ಚದರುತ್ತದೆ. ಈ ಪಟ್ಟಿಯ ಮೇಲೆ ಬಿದ್ದ ಬೆಳಕಾದರೋ ಬಂದ ದಾರಿಯಲ್ಲಿಯೇ ಮರಳಿ, ದೀಪದ ಹಿಂದೆ ಕುಳಿತ ಚಾಲಕನ ಕಣ್ಣನ್ನು ಸೇರುತ್ತದೆ. ಪಟ್ಟಿಯಿಲ್ಲದ ಉಡುಪಿಗಿಂತ ಮೂರು ಪಟ್ಟು ದೂರದಿಂದ ಇದು ಕಾಣಬಲ್ಲದೆಂದು ಅದೇ ಸಂಹಿತೆ ತಿಳಿಸುತ್ತದೆ. ಕಣ್ಣು ಕೋರೈಸುವ ಹಳದಿ, ಕಿತ್ತಳೆ ಬಣ್ಣದ ಬಟ್ಟೆಯೂ ಹೀಗೆಯೇ ಎಂದು ಹಲವರು ಭ್ರಮಿಸುವುದುಂಟು. ಆ ಬಣ್ಣಗಳು ಹೊಳೆಯಲು ಹಗಲಿನ ಬೆಳಕು ಬೇಕು. ರಾತ್ರಿಯಲ್ಲಿ ಅವುಗಳ ಪ್ರಯೋಜನ ಸ್ವಲ್ಪವೇ. ಕಾಲುದಾರಿಯಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯುವುದು ಅಲ್ಲಿನ ಕ್ರಮ. ಭಾರತದಲ್ಲಿಯೂ ವಾಹನಗಳು ಎಡಬದಿಯಲ್ಲಿ ಚಲಿಸುವುದರಿಂದ ಇಲ್ಲಿಗೂ ಅದು ಹೊಂದುತ್ತದೆ.

ಚಿತ್ರಪಟಗಳಲ್ಲಿ ಕ್ಯಾರಲ್ ಹಾಡುವವರ ಕೈಯಲ್ಲಿ ಮೇಣದ ಬತ್ತಿ ಇರುವುದು ವಾಡಿಕೆ. ನೋಟಕ್ಕೆ ಅದು ಚೆನ್ನ. ಆದರೆ ಉಣ್ಣೆಯ ಕುಂಚು, ಉದ್ದ ಕೂದಲು, ಕೈಯಲ್ಲಿ ಹಾಡಿನ ಕಾಗದ, ಒತ್ತಾಗಿ ನಿಂತ ಮಕ್ಕಳು, ಇವುಗಳ ನಡುವೆ ತೆರೆದ ಜ್ವಾಲೆ ಸಲ್ಲದು. ಗಾಜಿನ ಒಳಗಿಟ್ಟ ದೀಪವಾದರೂ ದೊಡ್ಡವರ ಕೈಯಲ್ಲಿರಲಿ. ಮಕ್ಕಳಿಗೆ ಬ್ಯಾಟರಿಯ ಪುಟ್ಟ ದೀಪವೇ ಸಾಕು. ಕೈಗೆ ಬೆಂಕಿ ತಗುಲಿದರೆ ಕೂಡಲೇ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಬೆಣ್ಣೆಯನ್ನಾಗಲಿ ಎಣ್ಣೆಯನ್ನಾಗಲಿ ಸವರಬಾರದು.

ಕ್ಯಾರಲ್ ಹಾಡುವ ರೂಢಿ ಕರ್ನಾಟಕದಲ್ಲಿಯೂ ಉಂಟು. ಬೆಂಗಳೂರು, ಮಂಗಳೂರು ಮೊದಲಾದ ಕಡೆ ಡಿಸೆಂಬರ್ ತಿಂಗಳಲ್ಲಿ ಚರ್ಚುಗಳ ತಂಡಗಳು ಸಭಿಕರ ಮನೆಗಳಿಗೆ ರಾತ್ರಿಯ ವೇಳೆ ಹೋಗಿ ಹಾಡುತ್ತವೆ. ಇಲ್ಲಿ ಹಿಮವಿಲ್ಲ, ವಾಹನಗಳ ದಟ್ಟಣೆಯೂ ಬೀದಿನಾಯಿಗಳೂ ಇವೆ. ಯಾವ ಬೀದಿ, ಎಷ್ಟು ಮನೆ, ಎಷ್ಟು ಹೊತ್ತಿಗೆ ಹಿಂದಿರುಗುವುದು ಎಂಬುದನ್ನು ಬರೆದು ಒಂದು ಪ್ರತಿಯನ್ನು ಹೆತ್ತವರ ಬಳಿ ಬಿಡುವುದು, ಪ್ರತಿ ಮನೆಯಿಂದ ಹೊರಡುವಾಗ ತಲೆ ಎಣಿಸುವುದು, ಇವು ಎಲ್ಲ ಊರಿಗೂ ಸಲ್ಲುವ ಕ್ರಮ. ಸಂಕಟಕ್ಕೆ ಸಿಕ್ಕಿದ ಮಗುವು ನೆರವು ಬೇಡಲು ಭಾರತದಲ್ಲಿ 1098 ಎಂಬ ದೂರವಾಣಿ ಸಂಖ್ಯೆಯಿದೆ. ಅದಕ್ಕೆ ಹಣ ತೆರಬೇಕಾಗಿಲ್ಲ.

ಮನೆಯವರ ಪಾಲಿನ ಕೆಲಸವೂ ಒಂದಿಷ್ಟಿದೆ. ಹಾಡುವವರು ಬರುವ ರಾತ್ರಿ ಅಂಗಳದ ದೀಪವನ್ನು ಬೆಳಗಿಸಿಡುವುದು, ನಾಯಿಯನ್ನು ಕಟ್ಟಿಹಾಕುವುದು, ಮೆಟ್ಟಿಲ ಮೇಲೆ ಎಡವುವಂಥ ಕುಂಡವೋ ಕೊಳವೆಯೋ ಇದ್ದರೆ ಬದಿಗೆ ಸರಿಸುವುದು. ಹಾಡು ಮುಗಿದ ಮೇಲೆ ಮಕ್ಕಳನ್ನು ಒಳಗೆ ಕರೆಯದೆ, ಸಿಹಿಯ ತಟ್ಟೆಯನ್ನು ತಾವೇ ಹೊಸ್ತಿಲು ದಾಟಿ ಹೊರಗೆ ತರುತ್ತಾರೆ, ತಿಳಿವಳಿಕೆಯುಳ್ಳ ಗೃಹಸ್ಥರು. ಮಕ್ಕಳು ದೀಪದ ಕೆಳಗೆ ನಿಂತು ತಿಂದು, ಕೈ ಒರೆಸಿಕೊಂಡು, ಮುಂದಿನ ಮನೆಯತ್ತ ನಡೆಯುತ್ತಾರೆ.