ಕೆಂಪು ಬೆಳಕಿನ ಚಿಕಿತ್ಸೆ

ಬೆಳಕಿನಿಂದ ರೋಗ ವಾಸಿ ಮಾಡುವ ವಿಚಾರ ಹೊಸದಲ್ಲ. ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಎಂಬವನು ಚರ್ಮದ ಕ್ಷಯಕ್ಕೆ ಕಿರಣ ಚಿಕಿತ್ಸೆ ಮಾಡಿ 1903ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಸಿಡುಬಿನ ರೋಗಿಗಳನ್ನು ಕೆಂಪು ಬೆಳಕಿನ ಕೋಣೆಯಲ್ಲಿಟ್ಟರೆ ಕಲೆ ಉಳಿಯುವುದಿಲ್ಲವೆಂದು 1893ರಲ್ಲಿ ಹೇಳಿದವನೂ ಅವನೇ. ಆ ಮಾತು ಮುಂದೆ ನಿಲ್ಲಲಿಲ್ಲ. ಒಬ್ಬನೇ ಮನುಷ್ಯನ ಎರಡು ಮಾತುಗಳಲ್ಲಿ ಒಂದು ನಿಂತಿತು, ಒಂದು ಬಿದ್ದಿತು ಎಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ನವಜಾತ ಶಿಶುವಿಗೆ ಕಾಮಣಿಯಾದಾಗ ದವಾಖಾನೆಯಲ್ಲಿ ನೀಲಿ ಬೆಳಕಿನಲ್ಲಿ ಮಲಗಿಸುವುದಂತೂ ಇಂದು ನಮ್ಮ ಹಳ್ಳಿಯ ಬಾಣಂತಿಯರಿಗೂ ಗೊತ್ತು.

ಕೆಂಪು ಬೆಳಕಿನ ಈಗಿನ ಕಥೆ ಆರಂಭವಾದುದು 1967ರಲ್ಲಿ, ಬುಡಾಪೆಸ್ಟಿನಲ್ಲಿ. ಎಂಡ್ರೆ ಮೆಸ್ಟರ್ ಎಂಬ ವೈದ್ಯನು ಇಲಿಗಳ ಬೆನ್ನು ಬೋಳಿಸಿ ಅದರ ಮೇಲೆ ದುರ್ಬಲ ಲೇಸರ್ ಕಿರಣ ಬಿಟ್ಟನು. ಕ್ಯಾನ್ಸರ್ ಉಂಟಾಗುವುದೋ ಎಂದು ನೋಡಹೊರಟವನಿಗೆ ಕಂಡುದೇ ಬೇರೆ: ಕಿರಣ ಬಿದ್ದ ಇಲಿಗಳಿಗೆ ಕೂದಲು ಬೇಗ ಬೆಳೆಯಿತು. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಒಂದು ಕಿಣ್ವವು ಈ ಬೆಳಕನ್ನು ಹೀರಿ ಕೋಶದ ಶಕ್ತಿಯನ್ನು ಹೆಚ್ಚಿಸುವುದೆಂಬುದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ವಾದ ಇನ್ನೂ ಮುಗಿದಿಲ್ಲ.

ನಾನು ಈ ವಿಷಯದ ಬೆನ್ನು ಹತ್ತಿದುದು ಅವ್ವನ ಮೊಣಕಾಲಿಗಾಗಿ. ತಂಬೂರಿನ ಭತ್ತದ ಹೊಲಗಳಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ತೆಗೆದ ಹೆಂಗಸರಲ್ಲಿ ಮೊಣಕಾಲು ನೋಯದವರು ವಿರಳ. ಹುಬ್ಬಳ್ಳಿಯ ಒಂದು ‘ವೆಲ್‌ನೆಸ್ ಸ್ಟುಡಿಯೋ’ದವರು ಹಂಚಿದ ಕಾಗದದಲ್ಲಿ ಕೀಲುನೋವು, ಮುಖದ ಸುಕ್ಕು, ನಿದ್ರಾಹೀನತೆ, ಬೊಜ್ಜು ಎಲ್ಲಕ್ಕೂ ಇದೊಂದೇ ಮದ್ದೆಂದಿತ್ತು. ಸಂತೆಯಲ್ಲಿ ಬೇರು ಮಾರುವವನೂ ಇಷ್ಟು ಧೈರ್ಯ ಮಾಡಲಾರನು! ಅವ್ವನನ್ನು ಕರೆದೊಯ್ಯುವ ಮೊದಲು ನಾನೇ ಹೋಗಿ ಕುಳಿತೆನು. ಕಣ್ಣಿಗೆ ಕಪ್ಪು ಕನ್ನಡಕ, ಎದುರಿಗೆ ನೂರಾರು ಸಣ್ಣ ಕೆಂಪು ದೀಪಗಳ ಹಲಗೆ, 10 ನಿಮಿಷ. ಮೈ ನಸುಬೆಚ್ಚಗಾಯಿತು, ಅಷ್ಟೇ. ದವಾಖಾನೆಯಲ್ಲಿ ಕಾವು ಕೊಡುವ ಕೆಂಪು ದೀಪ ಇದಲ್ಲ. ಅದು ಕೆಲಸ ಮಾಡುವುದು ಶಾಖದಿಂದ. ಈ ಕಿರಣದ ತರಂಗಾಂತರ ಎಷ್ಟೆಂದು ಕೇಳಿದೆನು. “ಕೆಂಪು ಐತಲ್ರಿ” ಎಂದಳು ಅಲ್ಲಿದ್ದ ಹುಡುಗಿ.

ಆದರೆ ಗುಟ್ಟೆಲ್ಲ ಆ ಸಂಖ್ಯೆಯಲ್ಲಿಯೇ ಇದೆ. ಕಣ್ಣಿಗೆ ಕಾಣುವ ಕೆಂಪು, ಅಂದರೆ 630ರಿಂದ 660 ನ್ಯಾನೊಮೀಟರಿನ ಬೆಳಕು, ಚರ್ಮದಿಂದ ಕೆಲವೇ ಮಿಲಿಮೀಟರ್ ಒಳಗಿಳಿಯುತ್ತದೆ. ಅದಕ್ಕಿಂತ ಆಳಕ್ಕೆ ಹೋಗುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಮೊಣಕಾಲಿನ ಸಂಧಿವಾತದ ಮೇಲೆ ನಡೆದ 22 ಪ್ರಯೋಗಗಳನ್ನು ಕೂಡಿಸಿ ನೋಡಿದ ಲೇಖನವೊಂದು 2019ರಲ್ಲಿ ‘ಬಿಎಂಜೆ ಓಪನ್’ ಪತ್ರಿಕೆಯಲ್ಲಿ ಬಂದಿತು. ತಕ್ಕ ಪ್ರಮಾಣದಲ್ಲಿ ಕೊಟ್ಟಾಗ ನೋವು ಕಡಿಮೆಯಾಗುವುದೆಂದು ಅದು ಹೇಳುತ್ತದೆ. ಆ ಪ್ರಮಾಣವಾದರೂ ಎಂಥದು? 785ರಿಂದ 860 ನ್ಯಾನೊಮೀಟರಿನ ಲೇಸರನ್ನು ಕೀಲಿನ ಒಂದೊಂದು ಬಿಂದುವಿಗೆ ಹಿಡಿದು 4ರಿಂದ 8 ಜೂಲ್ ಕೊಡುವುದು. ದೂರದಲ್ಲಿ ಹಲಗೆ ಹಚ್ಚಿ ಮೈಯೆಲ್ಲ ಕೆಂಪು ಮಾಡುವುದು ಅದಲ್ಲ. ಕ್ಯಾನ್ಸರ್ ಚಿಕಿತ್ಸೆಯಿಂದ ಬಾಯಲ್ಲಿ ಏಳುವ ಹುಣ್ಣುಗಳನ್ನು ತಡೆಯಲು ವೈದ್ಯರು ಈ ಬೆಳಕನ್ನು ಬಳಸುತ್ತಾರೆ. ಅಲ್ಲಿಯೂ ಎಲ್ಲವೂ ಅಳತೆಯ ಮೇಲೆಯೇ ನಡೆಯುವುದು.

ಸ್ಟುಡಿಯೋದ ಒಂದು ಸಲದ ದರ ಅವ್ವನ ಎರಡು ದಿನದ ಕೂಲಿ. 12 ಸಲ ಬರಬೇಕಂತೆ. ಕಲಘಟಗಿಯಲ್ಲಿ ಬಸ್ಸು ಬದಲಿಸಿ ಹೋಗಿಬರುವುದರಲ್ಲಿ ಮತ್ತೊಂದು ದಿನದ ಕೂಲಿ ಕಳೆಯುವುದು ಬೇರೆ. ನಾನು ಅವಳನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆನು. ಅಲ್ಲಿ ಕುರ್ಚಿಯ ಮೇಲೆ ಕುಳಿತು ಕಾಲು ನೀಡಿ ಹಿಡಿಯುವ ವ್ಯಾಯಾಮ ಕಲಿಸಿದರು. ತೊಡೆಯ ಸ್ನಾಯು ಬಲಿತರೆ ಕೀಲಿನ ಭಾರ ಇಳಿಯುವುದಂತೆ. ಈಗ ದಿನಾಲು ಸಂಜೆ ಕಟ್ಟೆಯ ಮೇಲೆ ಮಾಡುತ್ತಾಳೆ. ನೋವು ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ.