ನಡುರಾತ್ರಿಯ ಹೊಣೆ: ಕೈಯ ಶಸ್ತ್ರಚಿಕಿತ್ಸೆಯ ಫೆಲೋಷಿಪ್ ಸೇರಲಿರುವವರಿಗೆ

ಎಂ.ಎಸ್. ಮುಗಿಸಿ, ಕೈಯ ಶಸ್ತ್ರಚಿಕಿತ್ಸೆಯನ್ನೂ ಸೂಕ್ಷ್ಮ ರಕ್ತನಾಳಗಳ ಜೋಡಣೆಯನ್ನೂ ವಿಶೇಷವಾಗಿ ಕಲಿಯಬೇಕೆಂಬ ಹಂಬಲವುಳ್ಳ ತರುಣ ವೈದ್ಯರು ಯಾವ ಆಸ್ಪತ್ರೆಯ ಫೆಲೋಷಿಪ್ಪಿಗೆ ಸೇರಿದರೆ ಒಳಿತೆಂದು ನನ್ನನ್ನು ವಿಚಾರಿಸಿದಾಗಲೆಲ್ಲ, ಅಲ್ಲಿನ ಕಟ್ಟಡದ ವೈಭವವನ್ನಾಗಲಿ, ಗೋಡೆಗೆ ತೂಗುಹಾಕಿದ ಪ್ರಶಸ್ತಿಗಳನ್ನಾಗಲಿ, ವರ್ಷಕ್ಕೆ ಇಷ್ಟು ಸಾವಿರ ಶಸ್ತ್ರಚಿಕಿತ್ಸೆಗಳೆಂದು ಅಚ್ಚುಮಾಡಿಸಿದ ಪ್ರಕಟಣೆಯನ್ನಾಗಲಿ ನೋಡಬೇಡಿ, ನಡುರಾತ್ರಿಯಲ್ಲಿ ನಿಮ್ಮ ಕೈಮೀರಿದ ಸಂದರ್ಭವೊದಗಿದರೆ ನಿಮ್ಮ ಬೆನ್ನಿಗೆ ಬಂದು ನಿಲ್ಲತಕ್ಕ ಹಿರಿಯ ವೈದ್ಯರು ಯಾರೆಂಬುದನ್ನು ಹೆಸರು ಸಹಿತ ಬರೆದಿಟ್ಟ ಪಟ್ಟಿಯೊಂದು ಅಲ್ಲಿ ಉಂಟೋ ಇಲ್ಲವೋ ಎಂಬುದನ್ನು ಮೊದಲು ನೋಡಿಕೊಳ್ಳಿರೆಂದು ಹೇಳುತ್ತೇನೆ. ಕೆಲವರಿಗೆ ಇದು ಅಲ್ಪ ವಿಷಯವಾಗಿ ತೋರುವುದುಂಟು. ಆ ಪಟ್ಟಿಯಿಲ್ಲದ ಕಾರಣದಿಂದಲೇ ಒಬ್ಬ ಕಾರ್ಮಿಕನ ತೋರುಬೆರಳು ಹೋದುದನ್ನು ಕಣ್ಣಾರೆ ಕಂಡ ನನಗೆ ಅದು ಹಾಗೆ ತೋರುವುದಿಲ್ಲ.

ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ರೂಪಿಸಿ, 1904ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಉಪನ್ಯಾಸದಲ್ಲಿ ವಿವರಿಸಿದ ಶಿಕ್ಷಣಕ್ರಮದ ತಿರುಳು, ಶಸ್ತ್ರವೈದ್ಯನ ಹೊಣೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು, ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಅವನಿಗಿಂತ ಬಲ್ಲವರೊಬ್ಬರು ಅವನ ಕೆಲಸಕ್ಕೆ ಉತ್ತರವಾದಿಗಳಾಗಿರಬೇಕು ಎಂಬುದೇ. ಜಗತ್ತಿನ ಶಸ್ತ್ರವೈದ್ಯಶಿಕ್ಷಣವೆಲ್ಲ ಇಂದಿಗೂ ಬಹುಮಟ್ಟಿಗೆ ಅದೇ ತಳಹದಿಯ ಮೇಲೆ ನಿಂತಿದೆ. ನಮ್ಮ ದೇಶದಲ್ಲಿ ಉಪವಿಶೇಷ ಶಾಖೆಗಳಿಗೆ ಹೋಗುವ ದಾರಿಗಳು ಹಲವು: ನೀಟ್ ಸೂಪರ್ ಸ್ಪೆಷಾಲಿಟಿ ಪರೀಕ್ಷೆ ಬರೆದು ಮೂರು ವರ್ಷಗಳ ಎಂ.ಸಿಎಚ್. ಅಥವಾ ಡಿಆರ್‌ಎನ್‌ಬಿ ಮಾಡುವುದು ಒಂದು. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಫೆಲೋಷಿಪ್ ಪ್ರವೇಶಪರೀಕ್ಷೆಯ ಮೂಲಕ ಎರಡು ವರ್ಷಗಳ ಎಫ್‌ಎನ್‌ಬಿಗೆ ಸೇರುವುದು ಇನ್ನೊಂದು. ವಿಶ್ವವಿದ್ಯಾನಿಲಯಗಳೂ ವೈದ್ಯಸಂಘಗಳೂ ಆಸ್ಪತ್ರೆಗಳೂ ತಾವಾಗಿಯೇ ನಡೆಸುವ ಅಲ್ಪಾವಧಿಯ ಫೆಲೋಷಿಪ್ಪುಗಳು ಮತ್ತೊಂದು. ಈ ಮೂರನೆಯ ಬಗೆಯಲ್ಲಿ ಅತ್ಯುತ್ತಮವಾದುವೂ ಇವೆ, ಕಡಮೆ ಸಂಬಳಕ್ಕೆ ರಾತ್ರಿಪಾಳಿಯ ವೈದ್ಯನೊಬ್ಬ ಸಿಕ್ಕಿದನೆಂಬ ಒಂದೇ ಉದ್ದೇಶದವೂ ಇವೆ. ಹೊರಗಿನಿಂದ ನೋಡುವವನಿಗೆ ಎರಡರ ಸರ್ಟಿಫಿಕೇಟೂ ಒಂದೇ ತೆರನಾಗಿ ಕಾಣುತ್ತದೆ.

ನಾನು ಮೊದಲು ಸೇರಿದುದು ರಾತ್ರಿಪಾಳಿಯ ವೈದ್ಯನಷ್ಟೇ ಬೇಕಾಗಿದ್ದ ಜಾತಿಯ ಒಂದು ಆಸ್ಪತ್ರೆಗೆ. ಪ್ರವೇಶಪರೀಕ್ಷೆಗೆ ಓದುತ್ತಿದ್ದ ನನ್ನನ್ನು ಅಲ್ಲಿಗೆ ತಳ್ಳಿದವರು ನನ್ನ ಸೋದರಮಾವಂದಿರು. ಅಲ್ಲಿಯ ಟ್ರಸ್ಟಿಯೊಬ್ಬರು ಅವರ ಸ್ನೇಹಿತರು. “ಪರೀಕ್ಷೆ, ಕೌನ್ಸೆಲಿಂಗು ಅಂತ ಇನ್ನೊಂದು ವರ್ಷ ಯಾಕೋ ಹಾಳುಮಾಡ್ಕೋತೀಯ? ನಾನು ಮಾತು ಕೊಟ್ಟಾಗಿದೆ, ಸೋಮವಾರ ಹೋಗಿ ಸೇರ್ಕೋ” ಎಂದು ಅವರು ಹೇಳಿದ ಮೇಲೆ, ತಂದೆಯಿಲ್ಲದ ಮನೆಯಲ್ಲಿ ಓದಿಸಿ ಬೆಳೆಸಿದವರ ಮಾತನ್ನು ಮೀರುವುದು ನನ್ನಂಥವನಿಗೆ ಸಾಧ್ಯವಿರಲಿಲ್ಲ. ಅವರ ಉಪಕಾರವನ್ನು ಮರೆತವನು ನಾನಲ್ಲ. ಆದರೆ ಶಸ್ತ್ರವೈದ್ಯನ ಶಿಕ್ಷಣವೂ ಬ್ಯಾಂಕಿನ ಗುಮಾಸ್ತೆಯ ನೇಮಕದಂತೆ ಶಿಫಾರಸಿನಿಂದ ನೆರವೇರತಕ್ಕದ್ದೆಂದು ಅವರು ಭಾವಿಸಿದುದನ್ನು ನಾನು ಇಂದಿಗೂ ಕ್ಷಮಿಸಲಾರೆ.

ಆ ಆಸ್ಪತ್ರೆಯಲ್ಲಿ ಲಾಗ್‌ಬುಕ್ ಕೊಡುತ್ತಿರಲಿಲ್ಲ, ವಾರದ ಚರ್ಚಾಗೋಷ್ಠಿ ಇರಲಿಲ್ಲ, ಯಾವ ತಿಂಗಳು ಯಾವ ಕೆಲಸವೆಂಬ ವಿಂಗಡಣೆ ಇರಲಿಲ್ಲ. ಕಲಿಸಬಲ್ಲ ಹಿರಿಯರೊಬ್ಬರಿದ್ದರು, ಅವರ ಕೈಯ ನೈಪುಣ್ಯಕ್ಕೆ ನಾನು ಈಗಲೂ ತಲೆಬಾಗುತ್ತೇನೆ. ಆದರೆ ಅವರಾದರೂ ಹಲವು ಆಸ್ಪತ್ರೆಗಳಿಗೆ ಓಡಾಡುತ್ತಿದ್ದವರು. ಅವರಿಲ್ಲದಾಗ ಯಾರು ಎಂಬ ಪ್ರಶ್ನೆಯನ್ನು ಸೇರಿದ ಮೊದಲ ವಾರದಲ್ಲಿಯೇ ಆಡಳಿತಾಧಿಕಾರಿಯವರ ಮುಂದಿಟ್ಟೆ. “ಅಂಥ ಸಂದರ್ಭ ಬರೋದಿಲ್ಲ ಬಿಡಿ ಡಾಕ್ಟ್ರೇ” ಎಂಬ ಉತ್ತರ ಬಂತು.

ಸಂದರ್ಭ ಬಂತು. ಪೀಣ್ಯದ ಕಾರ್ಖಾನೆಯೊಂದರ ಪವರ್ ಪ್ರೆಸ್ಸಿನಡಿ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಕಳೆದುಕೊಂಡ ತರುಣನೊಬ್ಬನನ್ನು ಸಂಜೆಯ ಹೊತ್ತಿಗೆ ಕರೆತಂದರು. ಜೊತೆಯ ಕೆಲಸಗಾರ ವಿವೇಕಿ. ಕಡಿದ ಬೆರಳುಗಳನ್ನು ಶುಭ್ರವಾದ ಒದ್ದೆಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಟ್ಟು ತಂದಿದ್ದ. ಮಂಜುಗಡ್ಡೆ ನೇರವಾಗಿ ತಗುಲಿದರೆ ಅಂಗಾಂಶ ಕೆಡುತ್ತದೆಂಬುದನ್ನು ಆತನಿಗೆ ಯಾರು ತಿಳಿಸಿದ್ದರೋ, ಅವರಿಗೆ ಪುಣ್ಯ ಬರಲಿ. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯಿ ಎಂಬ ವೈದ್ಯರು ಪೂರ್ತಿ ಕಡಿದುಹೋದ ಹೆಬ್ಬೆರಳೊಂದನ್ನು ಸೂಕ್ಷ್ಮದರ್ಶಕದ ನೆರವಿನಿಂದ ಮೊದಲ ಬಾರಿಗೆ ಮರಳಿ ಕೂಡಿಸಿದ ಮೇಲೆ ಈ ಕೆಲಸಕ್ಕೆ ಬಹುಮಟ್ಟಿಗೆ ಒಂದು ಕ್ರಮ ನೆಲೆಗೊಂಡಿದೆ: ಮೊದಲು ಮೂಳೆಯನ್ನು ತಂತಿಯಿಂದ ಬಿಗಿಯುವುದು, ಆಮೇಲೆ ಬೆರಳನ್ನು ಚಾಚುವ ಮತ್ತು ಮಡಿಸುವ ಸ್ನಾಯುರಜ್ಜುಗಳು, ತರುವಾಯ ಅಪಧಮನಿ, ನರ, ಅಭಿಧಮನಿ, ಕಡೆಯಲ್ಲಿ ಚರ್ಮ. ನಾಳದ ವ್ಯಾಸ ಸುಮಾರು ಒಂದು ಮಿಲಿಮೀಟರು, ಹೊಲಿಯುವ ಹತ್ತು-ಸೊನ್ನೆಯ ದಾರ ತಲೆಗೂದಲಿಗಿಂತ ಸಪುರ. ನಮ್ಮ ಹಿರಿಯರು ರಾತ್ರಿಯೆಲ್ಲ ಕುಳಿತು ಎರಡು ಬೆರಳುಗಳನ್ನೂ ಕೂಡಿಸಿದರು. ಬೆಳಗಿನ ಜಾವದಲ್ಲಿ ಎರಡಕ್ಕೂ ಕೆಂಪು ಬಂತು. ಮಧ್ಯಾಹ್ನ ಅವರು ಸಮ್ಮೇಳನವೊಂದಕ್ಕೆಂದು ಬೇರೆ ಊರಿಗೆ ವಿಮಾನ ಹತ್ತಿದರು.

ಕೂಡಿಸಿದ ಬೆರಳಿಗೆ ಮೊದಲ ಎರಡು ಮೂರು ದಿನಗಳೇ ಗಂಡಾಂತರದವು. ಒಳಬರುವ ರಕ್ತ ನಿಂತರೆ ಬೆರಳು ಬಿಳಿಚಿ ತಣ್ಣಗಾಗುತ್ತದೆ. ಹೊರಹೋಗುವ ರಕ್ತ ನಿಂತರೆ ನೀಲಿಗಟ್ಟಿ ಊದಿಕೊಳ್ಳುತ್ತದೆ, ಒತ್ತಿ ಬಿಟ್ಟರೆ ಬಣ್ಣ ಥಟ್ಟನೆ ಮರಳುತ್ತದೆ, ಸೂಜಿ ಚುಚ್ಚಿದರೆ ಕಪ್ಪು ರಕ್ತ ಬರುತ್ತದೆ. ಗಂಟೆಗೊಮ್ಮೆ ನೋಡಿ ಬರೆದಿಡಬೇಕು. ಎರಡನೆಯ ರಾತ್ರಿ ಒಂದು ಗಂಟೆಗೆ ನಾನು ನೋಡಿದಾಗ ಎಲ್ಲವೂ ಸರಿಯಿತ್ತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ರೋಗಿಯ ಹೆಂಡತಿ ವಾರ್ಡಿನ ಬಾಗಿಲಿಗೆ ಓಡಿಬಂದು, “ಸಾ, ಉಗುರು ನೀಲಿ ಆಗೈತೆ, ಬಂದ್ ನೋಡಿ ಸಾ” ಎಂದಳು. ಎರಡು ಬೆರಳುಗಳೂ ನೀಲಿಯಾಗಿದ್ದುವು. ಕಟ್ಟು ಬಿಚ್ಚಿಸಿದೆ, ಬಿಗಿಯಾದ ಹೊಲಿಗೆಗಳನ್ನು ಕತ್ತರಿಸಿದೆ, ಉಗುರು ತೆಗೆದು ಅದರ ತಳಕ್ಕೆ ಹೆಪಾರಿನ್‌ನಲ್ಲಿ ನೆನೆಸಿದ ಗಾಸನ್ನು ಉಜ್ಜಿ, ಕೆಟ್ಟ ರಕ್ತ ಹರಿದುಹೋಗುವಂತೆ ಮಾಡಿದೆ. ಅದು ಕಾಲಹರಣದ ಉಪಾಯ ಮಾತ್ರ. ಮತ್ತೆ ಥಿಯೇಟರಿಗೆ ಒಯ್ದು, ಹೆಪ್ಪುಗಟ್ಟಿದ ಅಭಿಧಮನಿಯನ್ನು ಬಿಚ್ಚಿ ಕೂಡಿಸದೆ ಬೇರೆ ಗತಿಯಿರಲಿಲ್ಲ.

ಹಿರಿಯರ ಫೋನ್ ಸ್ತಬ್ಧವಾಗಿತ್ತು. ಅರಿವಳಿಕೆಯ ವೈದ್ಯರು ಇದ್ದರು, ಥಿಯೇಟರಿನ ಸಿಸ್ಟರ್ ಇದ್ದರು, ರಕ್ತವಿತ್ತು. ಇಲ್ಲದಿದ್ದುದು ಸೂಕ್ಷ್ಮದರ್ಶಕದ ಕೋಣೆಯ ಬೀಗದಕೈ. ರಾತ್ರಿ ಎಂಟರ ಮೇಲೆ ಅದನ್ನು ಸ್ಟೋರ್ಸಿಗೆ ಒಪ್ಪಿಸಬೇಕೆಂಬ ಆಜ್ಞೆಯಿತ್ತು. ಆಡಳಿತಾಧಿಕಾರಿಯವರ ಮನೆಗೆ ಫೋನ್ ಮಾಡಿದೆ.

“ಲಕ್ಷಾಂತರ ರೂಪಾಯಿಯ ಮಿಷನ್ನು ಡಾಕ್ಟ್ರೇ. ಕನ್ಸಲ್ಟೆಂಟ್ ಸಹಿ ಇಲ್ಲದೆ ತೆಗೆಸೋ ಹಾಗಿಲ್ಲ. ಬೆಳಿಗ್ಗೆ ಬರ್ತೀನಲ್ಲ, ನೋಡೋಣ.”

“ಬೆಳಿಗ್ಗೆವರೆಗೆ ಬೆರಳು ಉಳಿಯೋದಿಲ್ಲ ಸಾರ್.”

“ರೂಲ್ಸು ನಾನು ಮಾಡಿದ್ದಲ್ಲ.”

ಆ ಆಜ್ಞೆಯ ಕಾಗದದ ಕೆಳಗೆ ಅವರದೇ ಸಹಿಯಿದ್ದುದನ್ನು ಮರುದಿನ ನಾನು ಓದಿದೆ. ಆ ರಾತ್ರಿ ಮತ್ತೆ ಮತ್ತೆ ಫೋನ್ ಮಾಡಿದೆ. ಅವರು ಎತ್ತುವುದನ್ನೇ ಬಿಟ್ಟರು. ಗಡಿಯಾರದ ಮುಳ್ಳು ಚಲಿಸುತ್ತಿರುವಾಗ, ನಮ್ಮನ್ನು ನಂಬಿ ಮಲಗಿರುವ ಮನುಷ್ಯನ ಕೈಯನ್ನು ಹಿಡಿದುಕೊಂಡು, ಏನು ಮಾಡಬೇಕೆಂಬುದು ಸ್ಪಷ್ಟವಾಗಿ ತಿಳಿದಿದ್ದರೂ ಮಾಡಲು ಆಗದೆ, ಕಪ್ಪು ರಕ್ತವನ್ನು ಒರೆಸುತ್ತ ಕುಳಿತಿರುವುದಕ್ಕಿಂತ ದೊಡ್ಡ ಯಾತನೆ ಶಸ್ತ್ರವೈದ್ಯನಿಗೆ ಮತ್ತೊಂದುಂಟೆಂದು ನಾನು ನಂಬಲಾರೆ. ಆತನೋ ನನ್ನನ್ನೇ ಸಮಾಧಾನಪಡಿಸುವಂತೆ, “ಹೆಬ್ಬೆಟ್ಟು ಒಂದು ಉಳಿದ್ರೆ ಸಾಕು ಸಾ, ಸ್ಪ್ಯಾನರ್ ಹಿಡೀತೀನಿ” ಎನ್ನುತ್ತಿದ್ದ.

ಕಡೆಗೆ ನನ್ನ ಎಂ.ಎಸ್. ದಿನಗಳಲ್ಲಿ ಪಾಠ ಹೇಳಿದ್ದ ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಎಬ್ಬಿಸಿದೆ. ಆ ಆಸ್ಪತ್ರೆಗೂ ಅವರಿಗೂ ಸಂಬಂಧವಿರಲಿಲ್ಲ. ಬರಲೇಬೇಕೆಂಬ ಕರ್ತವ್ಯವೂ ಇರಲಿಲ್ಲ. ಅವರು ಬಂದರು, ಬಂದವರು ಟ್ರಸ್ಟಿಯ ಮನೆಗೇ ಫೋನ್ ಮಾಡಿ ಬೀಗ ತೆಗೆಸಿದರು. ಆಗ ನಾಲ್ಕು ಗಂಟೆ ದಾಟಿತ್ತು. ಸೂಕ್ಷ್ಮದರ್ಶಕದ ಎದುರುಬದಿಯಲ್ಲಿ ಅವರು ಕುಳಿತು, “ನೀನು ಹೊಲಿ, ನಾನು ಇಲ್ಲೇ ಇದೀನಿ” ಎಂದರು. ಮುಂದೋಳಿನ ಒಳಬದಿಯಿಂದ ಅಭಿಧಮನಿಯ ತುಣುಕೊಂದನ್ನು ತೆಗೆದು, ಹೆಪ್ಪುಗಟ್ಟಿದ ಭಾಗವನ್ನು ಕತ್ತರಿಸಿ ಬಿಸುಟು, ನಡುವೆ ಆ ತುಣುಕನ್ನು ಕೂಡಿಸಿದೆ. ನನ್ನ ಚಿಮಟ ತಪ್ಪು ಪದರವನ್ನು ಹಿಡಿಯಹೋದಾಗ ಅವರು ತಮ್ಮ ಉಪಕರಣದಿಂದ ಮೆಲ್ಲಗೆ ತಡೆದು ಸರಿಯಾದ ಅಂಚನ್ನು ತೋರಿಸುತ್ತಿದ್ದರೇ ಹೊರತು ನನ್ನ ಕೈಯಿಂದ ಕೆಲಸವನ್ನು ಕಸಿಯಲಿಲ್ಲ. ಕ್ಲಾಂಪು ತೆಗೆದೊಡನೆ ಹೆಬ್ಬೆರಳಿನ ನೀಲಿ ಇಳಿಯುತ್ತ ಬಂದು ಅರುಣವರ್ಣ ಮೂಡಿತು. ತೋರುಬೆರಳಿನಲ್ಲಿ ಅಷ್ಟು ಹೊತ್ತಿಗೆ ಅಪಧಮನಿಯೂ ಹೆಪ್ಪುಗಟ್ಟಿತ್ತು. ಎಷ್ಟು ಶುದ್ಧಿಮಾಡಿದರೂ ರಕ್ತ ಮುಂದೆ ಸಾಗಲಿಲ್ಲ. ಅದನ್ನು ಆ ಬಳಿಕ ತೆಗೆಯಬೇಕಾಯಿತು.

ಇಷ್ಟಕ್ಕೆ ಮುಗಿದಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲವೇನೊ. ಆ ವಾರ ನಡೆದ ವಿಚಾರಣೆಯ ವರದಿಯಲ್ಲಿ, ಫೆಲೋ ಆದವರು ಹಿರಿಯರಿಗೆ ಸಕಾಲದಲ್ಲಿ ತಿಳಿಸಲಿಲ್ಲವೆಂದು ಆ ಅಧಿಕಾರಿ ಬರೆದರು. ನಾನು ಮಾಡಿದ ಕರೆಗಳ ಸಮಯ ಸಿಸ್ಟರ್ ಅವರ ರಾತ್ರಿಪುಸ್ತಕದಲ್ಲಿ ನಿಮಿಷ ಸಹಿತ ಇತ್ತು. ಅದನ್ನು ತರಿಸಲಿಲ್ಲ, ನನ್ನನ್ನು ಕರೆಯಲೂ ಇಲ್ಲ. ಸೋದರಮಾವಂದಿರಿಗೆ ಹೇಳಿದರೆ, “ದೊಡ್ಡವರ ಮೇಲೆ ದೂರು ಒಳ್ಳೇದಲ್ಲ, ವರ್ಷ ತುಂಬಿಸಿ ಸರ್ಟಿಫಿಕೇಟ್ ತಗೊಂಡು ಬಾ” ಎಂದರು. ನಾನು ಸರ್ಟಿಫಿಕೇಟಿಲ್ಲದೆಯೇ ಹೊರಬಂದೆ. ಆ ತೀರ್ಮಾನದ ವಿಷಯದಲ್ಲಿ ನನಗೆ ಇಂದಿಗೂ ಹೆಮ್ಮೆಯಿದೆ.

ಮರುವರ್ಷ ಪರೀಕ್ಷೆ ಬರೆದು ಎಫ್‌ಎನ್‌ಬಿ ಸೇರಿದಲ್ಲಿ ವ್ಯವಸ್ಥೆಯೆಂದರೇನೆಂಬುದು ನನಗೆ ತಿಳಿಯಿತು. ಅಲ್ಲಿ ಹೊಸ ಫೆಲೋ ರೋಗಿಯ ನಾಳವನ್ನು ಮುಟ್ಟುವ ಮುನ್ನ ಪ್ರಯೋಗಶಾಲೆಯಲ್ಲಿ ಸಿಲಿಕೋನ್ ಕೊಳವೆಯ ಮೇಲೆ, ಆಮೇಲೆ ಕೋಳಿತೊಡೆಯ ರಕ್ತನಾಳದ ಮೇಲೆ ಹೊಲಿದು ಹೊಲಿದು, ಕೂಡಿಸಿದ ನಾಳದಲ್ಲಿ ನೀರು ಸೋರದೆ ಹರಿಯುವುದನ್ನು ಗುರುಗಳಿಗೆ ತೋರಿಸಬೇಕು. ಲಾಗ್‌ಬುಕ್ಕಿನಲ್ಲಿ ಪ್ರತಿ ಶಸ್ತ್ರಚಿಕಿತ್ಸೆಯ ಎದುರಿಗೂ ನೋಡಿದ್ದೋ, ಸಹಾಯಮಾಡಿದ್ದೋ, ಮೇಲ್ವಿಚಾರಣೆಯಲ್ಲಿ ಮಾಡಿದ್ದೋ, ಸ್ವತಂತ್ರವಾಗಿ ಮಾಡಿದ್ದೋ ಎಂದು ಬರೆದು ಸಹಿ ಪಡೆಯಬೇಕು. ಆ ಪುಸ್ತಕವನ್ನು ತಿರುವಿಹಾಕಿದರೆ ಒಬ್ಬನ ಕೈ ಹೇಗೆ ಬೆಳೆಯಿತೆಂಬುದು ತಾನಾಗಿ ತಿಳಿಯುತ್ತಿತ್ತು. ಮೊದಲ ತಿಂಗಳುಗಳು ಅಪಘಾತ ವಿಭಾಗ ಮತ್ತು ಗಾಯದ ಆರೈಕೆ; ಬಳಿಕ ಸ್ನಾಯುರಜ್ಜು, ನರ; ಕಡೆಗೆ ಭುಜದ ನರಜಾಲ, ಹುಟ್ಟಿನಿಂದ ಬಂದ ವಿಕಾರಗಳು. ನಡುವೆ ವ್ಯಾಯಾಮಚಿಕಿತ್ಸೆಯ ವಿಭಾಗದಲ್ಲಿ ಕೂರಲೇಬೇಕು. ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಅವರು ಕುಷ್ಠದಿಂದ ಮಡಚಿಹೋದ ಕೈಗಳಿಗೆ ಸ್ನಾಯುರಜ್ಜುಗಳನ್ನು ವರ್ಗಾಯಿಸಿ ಚಲನೆ ಮರಳಿಸಿದಂದಿನಿಂದಲೂ, ಹೊಲಿದ ಕೈಯನ್ನು ದುಡಿಯುವ ಕೈಯಾಗಿ ಮಾಡುವಲ್ಲಿ ವ್ಯಾಯಾಮಚಿಕಿತ್ಸಕರ ಪಾಲು ಶಸ್ತ್ರವೈದ್ಯನದಕ್ಕಿಂತ ಕಡಮೆಯದಲ್ಲವೆಂಬ ತಿಳಿವು ಈ ಶಾಖೆಯಲ್ಲಿ ಉಳಿದುಬಂದಿದೆ. ವಾರಕ್ಕೊಮ್ಮೆ ಕೆಟ್ಟ ಫಲಿತಾಂಶಗಳ ಸಭೆ ಸೇರುತ್ತಿತ್ತು; ಅಲ್ಲಿ ಮೊದಲು ಮಾತಾಡುತ್ತಿದ್ದವರು ಆ ರೋಗಿಯ ಹೊಣೆ ಹೊತ್ತ ಹಿರಿಯರೇ. ಫೆಲೋಗಳು ಕೊನೆಯಲ್ಲಿ. ಮೊದಲ ಹಿರಿಯರು ಸಿಗದಿದ್ದರೆ ಎರಡನೆಯವರು, ಅವರೂ ಸಿಗದಿದ್ದರೆ ಮೂರನೆಯವರು ಎಂದು ರಾತ್ರಿಯ ಪಟ್ಟಿಯಲ್ಲಿ ಹೆಸರುಗಳಿದ್ದುವು. ಸೂಕ್ಷ್ಮದರ್ಶಕದ ಕೋಣೆಗೆ ಬೀಗವೇ ಇರಲಿಲ್ಲ.

ಸೇರಲಿರುವವರು ಮಾಡಬೇಕಾದುದು ಹೆಚ್ಚಿಲ್ಲ. ಬಿಟ್ಟುಹೋದ ಫೆಲೋಗಳಲ್ಲಿ ಇಬ್ಬರನ್ನಾದರೂ ಹುಡುಕಿ ಮಾತಾಡಿ; ಈಗ ಅಲ್ಲಿರುವವರು ಮುಕ್ತವಾಗಿ ಹೇಳಲಾರರು. ಬಿಟ್ಟುಹೋದವರ ಲಾಗ್‌ಬುಕ್ ನೋಡಲು ಕೇಳಿ. ‘ನೋಡಿದ್ದು’ ಎಂಬ ಮಾತೇ ಕಡೆಯ ಪುಟದವರೆಗೆ ಮುಂದುವರಿದಿದ್ದರೆ ಬೇರೆಡೆ ಪ್ರಯತ್ನಿಸಿ. ಸರ್ಟಿಫಿಕೇಟನ್ನು ಕೊಡುವ ಸಂಸ್ಥೆ ಯಾವುದು, ಅದಕ್ಕೆ ಮಾನ್ಯತೆ ಎಲ್ಲಿಯದು ಎಂಬುದನ್ನು ಲಿಖಿತವಾಗಿ ಪಡೆಯಿರಿ. ಬಾಂಡು, ಮೂಲ ಪ್ರಮಾಣಪತ್ರಗಳನ್ನು ಇರಿಸಿಕೊಳ್ಳುವ ಷರತ್ತು, ಇವನ್ನು ಸಹಿಗೆ ಮೊದಲೇ ಓದಿ. ಸೇರಿದ ಮೇಲೆ ನೀವು ಮಾಡಿದ ಪ್ರತಿಯೊಂದು ರಾತ್ರಿಯ ಕರೆಯನ್ನೂ ಕೇಸ್ ಶೀಟಿನಲ್ಲಿಯೇ ಗಂಟೆ ನಿಮಿಷ ಹಾಕಿ ಬರೆಯಿರಿ.

ಈಗ ನಮ್ಮ ವಿಭಾಗಕ್ಕೆ ಸಂದರ್ಶನಕ್ಕೆ ಬರುವ ಅಭ್ಯರ್ಥಿಗಳ ಎದುರಿಗೆ, ಅವರು ಕೇಳಲಿ ಬಿಡಲಿ, ಆ ತಿಂಗಳ ರಾತ್ರಿಪಟ್ಟಿಯನ್ನೂ ಹಿಂದಿನ ಫೆಲೋಗಳ ಫೋನ್ ನಂಬರುಗಳನ್ನೂ ಇಡುತ್ತೇನೆ. ಪಟ್ಟಿಯ ಮೊದಲ ಸಾಲಿನಲ್ಲಿ ಹೆಸರಿರುವ ಹಿರಿಯರು ಆ ತಿಂಗಳು ಊರು ಬಿಡುವುದಾದರೆ, ಎರಡನೆಯವರ ಸಹಿ ಬಿದ್ದ ಮೇಲೆಯೇ ಬಿಡತಕ್ಕದ್ದು.