ಉಚಿತ ಪಾಠಗಳನ್ನು ನಂಬಬಹುದೇ?

ಪ್ರಶ್ನೆ: ನಾನು ಬಿಡಿಎಸ್ ಮೊದಲ ವರ್ಷದ ವಿದ್ಯಾರ್ಥಿನಿ. ಪುಸ್ತಕಗಳು ದುಬಾರಿ. ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುವ ಪಾಠಗಳನ್ನು ನಂಬಿ ಓದಬಹುದೇ ಸರ್?

ಉತ್ತರ: ಧಾರಾಳವಾಗಿ ಓದಬಹುದು, ಆದರೆ ಆರಿಸಿ ಓದಿ. ಓಪನ್‌ಸ್ಟ್ಯಾಕ್ಸ್‌ನ ‘ಅನಾಟಮಿ ಅಂಡ್ ಫಿಸಿಯಾಲಜಿ’ ಪೂರ್ತಿ ಉಚಿತ. ಸಾಮಾನ್ಯ ಅಂಗರಚನೆಗೆ ಒಳ್ಳೆಯ ತಳಪಾಯ. ಮಿಷಿಗನ್ ವಿಶ್ವವಿದ್ಯಾಲಯದ ದಂತವೈದ್ಯಕೀಯ ಕಾಲೇಜು ಕೂಡ ತನ್ನ ಬೋಧನಾ ವಿಡಿಯೊಗಳನ್ನು ಮುಕ್ತವಾಗಿ ಹಂಚಿದೆ.

ಹಲ್ಲುಗಳ ಸಂಖ್ಯೆಯಲ್ಲಿ ಮಾತ್ರ ಎಚ್ಚರ. ಅಮೆರಿಕದ ಪಾಠದಲ್ಲಿ 16 ಎಂದರೆ ಮೇಲ್ದವಡೆಯ ಎಡಬದಿಯ ಬುದ್ಧಿಹಲ್ಲು. ನಮ್ಮಲ್ಲಿ ಬಳಕೆಯಲ್ಲಿರುವ ಎಫ್‌ಡಿಐ ಪದ್ಧತಿಯಲ್ಲಿ ಅದೇ 16, ಮೇಲ್ದವಡೆಯ ಬಲಬದಿಯ ಮೊದಲ ದವಡೆಹಲ್ಲು! ನೋಟ್ಸ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಇಲ್ಲದಿದ್ದರೆ ವೈವಾದಲ್ಲಿ ತಡಬಡಾಯಿಸಬೇಕಾಗುತ್ತದೆ.

ಪರವಾನಗಿಯನ್ನೂ ಗಮನಿಸಿ. ‘ಕ್ರಿಯೇಟಿವ್ ಕಾಮನ್ಸ್’ ಗುರುತಿದ್ದರೆ, ಅದರ ಷರತ್ತಿನಂತೆ ಮೂಲ ಲೇಖಕರ ಹೆಸರು ಹೇಳಿ ಸಹಪಾಠಿಗಳಿಗೆ ಹಂಚಬಹುದು. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸ್ಕ್ಯಾನ್ ಮಾಡಿದ ಪಠ್ಯಪುಸ್ತಕ ಆ ಸಾಲಿಗೆ ಸೇರದು.

ಪರೀಕ್ಷೆಗೆ ನಿಗದಿಯಾದ ಪುಸ್ತಕವನ್ನು ಕಾಲೇಜಿನ ಗ್ರಂಥಾಲಯದಿಂದ ಪಡೆಯಿರಿ. ಮೇಣದಲ್ಲಿ ಹಲ್ಲು ಕೆತ್ತುವ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಕಲಿಯಿರಿ. ಕೆತ್ತಿದ್ದನ್ನು ಮಾತ್ರ ಮೇಷ್ಟ್ರಿಗೇ ತೋರಿಸಿ. ನಿಮ್ಮ ಕಸ್ಪ್‌ನ ಎತ್ತರ ತಪ್ಪಿದ್ದರೆ ವಿಡಿಯೊ ತಿದ್ದುವುದಿಲ್ಲ.